ಹುಲ್ಲು ತಿನ್ನುವ ಪ್ರಾಣಿಗೆ ಸಂತನ ಪಟ್ಟ

ಬಿಸಿನೀರಿನ ತೊಟ್ಟಿ, ತಲೆಯ ಮೇಲೊಂದು ಕಿತ್ತಳೆಯಂಥ ಹಣ್ಣು, ಅರೆಮುಚ್ಚಿದ ಕಣ್ಣು. ಕ್ಯಾಪಿಬಾರಾದ ಈ ರೀಲ್ ನಿಮ್ಮ ಫೋನಿಗೂ ಬಂದಿರಬೇಕು. ಜೊತೆಗೊಂದು ಉಪದೇಶ: ಮನುಷ್ಯ ಇದರಂತೆ ಶಾಂತನಾಗಿರಲು ಕಲಿಯಬೇಕು. ನನ್ನ ತಕರಾರಿರುವುದು ಈ ಉಪದೇಶದ ಮೇಲೆಯೇ.

ಆ ಸ್ನಾನದ ಕಥೆ ಜಪಾನಿನದು. ಇಜುವಿನ ಮೃಗಾಲಯವೊಂದರಲ್ಲಿ 1982ರಲ್ಲಿ ಆವರಣ ತೊಳೆಯುವಾಗ ಬಿಸಿನೀರು ನಿಂತ ಕಡೆ ಈ ಪ್ರಾಣಿಗಳು ಒತ್ತಿಕೊಂಡು ಕೂತದ್ದನ್ನು ಕೆಲಸಗಾರರು ಕಂಡರು. ತೊಟ್ಟಿ ಬಂದದ್ದು ಆಮೇಲೆ. ದಕ್ಷಿಣ ಅಮೆರಿಕದ ಸೆಕೆಯ ಜೌಗಿನ ಜೀವ ಪರದೇಶದ ಚಳಿಗೆ ಬೆಚ್ಚಗಿನ ಜಾಗ ಹುಡುಕಿಕೊಂಡಿತು. ನಾವು ಅದನ್ನು ಧ್ಯಾನ ಎಂದೆವು.

ಅದರ ಸ್ವಂತ ಊರಿನಲ್ಲಿ ನೋಡಿ. ಹತ್ತಿಪ್ಪತ್ತರ ಗುಂಪು. ಗುಂಪಿಗೊಂದು ಯಜಮಾನ ಗಂಡು, ಉಳಿದ ಗಂಡುಗಳನ್ನು ಅಂಚಿಗೆ ಅಟ್ಟುತ್ತಲೇ ಇರುತ್ತದೆ. ಅಪಾಯ ಕಂಡರೆ ನಾಯಿಯಂತೆ ಬೊಗಳುತ್ತವೆ. ಒಂದರ ಮರಿಗೆ ಇನ್ನೊಂದು ತಾಯಿ ಹಾಲೂಡಿಸುತ್ತದೆ. ಅಧಿಕಾರ, ಹೆದರಿಕೆ, ಅಕ್ಕಪಕ್ಕದ ಉಪಕಾರ ಎಲ್ಲವೂ ಇರುವ ಈ ಸಂಸಾರದಲ್ಲಿ ಸಂತ ಎಲ್ಲಿದ್ದಾನೆ? ಮನುಷ್ಯನ ಜೊತೆ ಹೋಲಿಸಲೇಬೇಕೆಂದರೆ ಮೈಯದೇ ಒಂದು ಹೋಲಿಕೆಯಿದೆ. ನಮ್ಮ ಹಾಗೆ ಅದರ ದೇಹವೂ ಸಿ ವಿಟಮಿನ್ ತಯಾರಿಸಿಕೊಳ್ಳಲಾರದು. ಹಸಿರು ಮೇವು ಸಿಗದಿದ್ದರೆ ಹಿಂದೆ ಹಡಗಿನವರನ್ನು ಕಾಡಿದ ಸ್ಕರ್ವಿ ಅದಕ್ಕೂ ಬರುತ್ತದೆ. (ಆ ಹಣ್ಣನ್ನು ತಲೆಯ ಮೇಲಿಡುವ ಬದಲು ಬಾಯಿಗೆ ಕೊಡಬಹುದಿತ್ತು.)

ಇದಕ್ಕಿಂತ ದೊಡ್ಡ ಹೋಲಿಕೆಯನ್ನು ಯಾರೂ ರೀಲ್ ಮಾಡುವುದಿಲ್ಲ: ಇಬ್ಬರಿಗೂ ಬೇಕಾದ ಜಾಗ ಒಂದೇ. ನೀರಿನ ದಂಡೆ, ಅದರ ಪಕ್ಕ ಹಸಿರು ಹುಲ್ಲು. ಬ್ಯೂನಸ್ ಐರಿಸ್‌ನ ಉತ್ತರಕ್ಕೆ, ಪರಾನಾ ನದಿಯ ಜೌಗು ಪ್ರದೇಶದಲ್ಲಿ ನೊರ್ದೆಲ್ತಾ ಎಂಬ ಸಿರಿವಂತರ ಗೇಟೆಡ್ ಬಡಾವಣೆ ಎದ್ದಿದೆ. 2021ರಲ್ಲಿ ಅಲ್ಲಿಂದ ದೂರುಗಳು ಬಂದವು: ಕ್ಯಾಪಿಬಾರಾಗಳು ಹುಲ್ಲುಹಾಸು ಮೇಯುತ್ತಿವೆ, ನಾಯಿಗಳನ್ನು ಕಚ್ಚುತ್ತಿವೆ, ವಾಹನಗಳಿಗೆ ಅಡ್ಡ ಬರುತ್ತಿವೆ. ದೇಶ ವಿದೇಶದ ಪತ್ರಿಕೆಗಳು ಇದನ್ನು ದಾಳಿ ಎಂದವು. ಟುಪಿ ಭಾಷೆಯಿಂದ ಬಂದ ಆ ಹೆಸರಿಗೆ ಹುಲ್ಲು ತಿನ್ನುವುದು ಎಂದೇ ಅರ್ಥ. ಅದರ ಜೌಗನ್ನು ಕಿತ್ತುಕೊಂಡು, ಅಲ್ಲಿ ಹುಲ್ಲನ್ನೇ ಬೆಳೆಸಿ, ಅದು ತಿನ್ನಲು ಬಂದಾಗ ದಾಳಿ ಎಂದು ಕೂಗುವುದಕ್ಕೆ ಎಷ್ಟು ಧೈರ್ಯ ಬೇಕು!

ಅರ್ಜೆಂಟೀನಾದ ತರುಣರು ಜಾಲತಾಣಗಳಲ್ಲಿ ಅದನ್ನು ವರ್ಗಸಂಘರ್ಷದ ವೀರನನ್ನಾಗಿಸಿದರು. ಓದಿ ನಾನೂ ನಕ್ಕೆ. ಆದರೆ ಸಂತನ ಕಾವಿ ಕಳಚಿ ಕೆಂಪು ಬಾವುಟ ಕೊಟ್ಟರೂ ಅದು ನಾವು ತೊಡಿಸಿದ ವೇಷವೇ. ಜೌಗು ಭೂಮಿ ಉಳಿಸುವ ಮಸೂದೆ ಅಲ್ಲಿನ ಸಂಸತ್ತಿನಲ್ಲಿ ಮತ್ತೆ ಮತ್ತೆ ಬಂದು ಮುಗ್ಗರಿಸಿತು. ಮೀಮುಗಳು ಮಾತ್ರ ಚೆನ್ನಾಗಿ ಓಡಿದವು.

ನಿವಾಸಿಗಳ ಕಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಕತ್ತಲಲ್ಲಿ ಐವತ್ತು ಕಿಲೋದ ಪ್ರಾಣಿ ಬೈಕಿಗೆ ಅಡ್ಡ ಬಂದರೆ ಇಬ್ಬರಿಗೂ ಪೆಟ್ಟು. ಜಾಗ್ವಾರ್ ಇಲ್ಲದ ಕಡೆ ಅವುಗಳ ಸಂಖ್ಯೆ ಏರುವುದೂ ನಿಜ. ಮನೆಗಳ ಸಂಖ್ಯೆಯೂ ಏರಿದೆ ಎಂಬುದನ್ನು ಮಾತ್ರ ಆ ದೂರುಗಳು ಹೇಳುವುದಿಲ್ಲ. ಕೊನೆಗೆ ಅಧಿಕಾರಿಗಳು ಒಪ್ಪಿದ ಪರಿಹಾರ ಕ್ಯಾಪಿಬಾರಾಗಳಿಗೆ ಸಂತಾನ ತಡೆಯುವ ಚುಚ್ಚುಮದ್ದು. ಸೂಜಿ ಚುಚ್ಚುವಾಗಲೂ ಎಷ್ಟು ಶಾಂತವಾಗಿ ಕೂತಿದೆ ನೋಡಿ ಎಂದು ನಾಳೆ ಇನ್ನೊಂದು ರೀಲ್ ಬಂದೀತು.