ಕಬ್ಬಿನ ನಾಡಿಗೆ ಒಂದು ಅಕ್ಕಡಿ ಸಾಲು ಬೇಕು

ಭಾಗ 1/8: ಪ್ರಶ್ನೆ

"ತೈಲವನ್ನೇ ನಂಬಿದ ದೇಶಗಳು ಬೇರೆ ಉದ್ಯಮಗಳನ್ನು ಯಾಕೆ ಬೆಳೆಸಬೇಕು?" ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದ್ರ ಸೌದಿ, ಕುವೈತ್, ವೆನೆಜುವೆಲಾ ಅಂತ ಬರೀತೀವಿ. ಮಾರ್ಕ್ಸ್ ತಗೋತೀವಿ, ಹೊರಗ ಬಂದು ಮರೀತೀವಿ.

ಇವತ್ತು ಅದೇ ಪ್ರಶ್ನೆಯನ್ನ ನಮ್ಮ ನಾಲ್ಕು ತಾಲೂಕಿಗೆ ಕೇಳೋಣ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಇಲ್ಲಿ ಎಣ್ಣಿ ಬಾವಿ ಇಲ್ಲ, ಖರೆ. ಆದ್ರ ಕಬ್ಬು ಐತಿ. ಎಣ್ಣಿ ರೇಟು ಬಿದ್ರ ಅವರ ದೇಶದಾಗ ಏನು ಆಗ್ತೈತೋ, ಕಬ್ಬಿನ ಬಿಲ್ ನಿಂತ್ರ ನಮ್ಮ ಊರಾಗ ಅದೇ ಆಗ್ತೈತಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕಬ್ಬು ಬಿಡ್ರಿ ಅಂತ ನಾ ಹೇಳೂದಿಲ್ಲ. ಕಬ್ಬಿನ ರೊಕ್ಕ ಬರ್ತಿರೋ ಹೊತ್ತಿನಾಗೇ ಅದರ ಬದಿಗೆ ಇನ್ನೊಂದು ಸಾಲು ಹಾಕ್ರಿ ಅಂತೀನಿ.

ಈ "ಸಾಲು" ಅನ್ನೋ ಮಾತು ನನ್ನದಲ್ಲ, ನಮ್ಮ ಹಿರಿಯರದು. ಹಿಂಗಾರಿ ಜ್ವಾಳ ಬಿತ್ತುವಾಗ ನಡುನಡುವೆ ಕುಸುಬಿಯದೋ ಕಡಲಿಯದೋ ಒಂದು ಸಾಲು ಬಿಡ್ತಿದ್ರು. ಅದಕ್ಕ ಅಕ್ಕಡಿ ಅಂತಾರ. ಜ್ವಾಳ ಕೈಕೊಟ್ರ ಕುಸುಬಿ ಇರ್ತಿತ್ತು, ಎರಡೂ ಬಂದ್ರ ಹಬ್ಬ. ನಮ್ಮ ಪುಸ್ತಕದಾಗ "ಡೈವರ್ಸಿಫಿಕೇಶನ್" ಅಂತ ಇರೋದು ಇದೇ.

ಭಾಗ 2/8: ನಾವು ಎಷ್ಟು ಕಬ್ಬಿನ ಮ್ಯಾಲ ನಿಂತೀವಿ

ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ. ಬೈಲಹೊಂಗಲದಲ್ಲಿ ಸೋಮೇಶ್ವರ ಸಹಕಾರಿ. ರಾಮದುರ್ಗ ತಾಲೂಕಿನ ಖಾನಪೇಟ, ಉದಪುಡಿಯಲ್ಲಿ ಕಾರ್ಖಾನೆ. ಸವದತ್ತಿ ಕಡೆ ಖಾಸಗಿಯವು. ರಾಜ್ಯದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆ ಇರೋ ಜಿಲ್ಲೆ ನಮ್ಮದೇ.

ಹಂಗಾಮು ಶುರು ಆದ ಮ್ಯಾಲ ಪ್ಯಾಟಿಗೆ ಹೋಗಿ ನೋಡ್ರಿ. ಕಿರಾಣಿ ಅಂಗಡಿಯ ಉದ್ರಿ, ಬೈಕಿನ ಕಂತು, ಟ್ರ್ಯಾಕ್ಟರ್ ಟೈರು, ಅಕ್ಕನ ಮದುವಿ, ನಮ್ಮ ಕಾಲೇಜ್ ಫೀ, ಎಲ್ಲಾ "ಬಿಲ್ ಬಂದ ಮ್ಯಾಲ". ಕಬ್ಬು ಬೆಳೀದಿರೋ ಅಂಗಡಿಯವರ ಗಲ್ಲಾನೂ ಆ ಬಿಲ್ಲಿನ ಮ್ಯಾಲೇ ನಿಂತೈತಿ.

1966ರ ಕಬ್ಬು ನಿಯಂತ್ರಣ ಆದೇಶ ಏನು ಹೇಳ್ತೈತಿ ಗೊತ್ತೇನು? ಕಬ್ಬು ಕೊಟ್ಟ 14 ದಿನದೊಳಗೆ ರೊಕ್ಕ ಕೊಡಬೇಕು, ತಡ ಆದ್ರ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ. ನಿಮ್ಮ ಮನಿಗೆ ಆ ಬಡ್ಡಿ ಎಂದಾದರೂ ಬಂದದ ಏನು, ಅಪ್ಪನ್ನ ಕೇಳಿ ನೋಡ್ರಿ.

ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರ: ಮಾಲು ಒಂದೇ, ಗಿರಾಕಿ ಒಬ್ಬನೇ, ವಸೂಲಿ ಯಾವಾಗ ಅಂತ ಗ್ಯಾರಂಟಿ ಇಲ್ಲ. ಇಂಥ ಬ್ಯಾಲೆನ್ಸ್ ಶೀಟ್ ಇರೋ ಕಂಪನಿಗೆ ನೀವು ಸಾಲ ಕೊಡ್ತೀರೇನು?

ಭಾಗ 3/8: ಬೆಲೆ ಯಾರ ಕೈಯಾಗ ಐತಿ

ಕಬ್ಬಿಗೆ ಎಫ್‌ಆರ್‌ಪಿ ನಿಗದಿ ಮಾಡೋದು ಕೇಂದ್ರ ಸರ್ಕಾರ. 2018-19ರಲ್ಲಿ ಕ್ವಿಂಟಲ್‌ಗೆ 275 ರೂಪಾಯಿ ಇತ್ತು. 2025-26ಕ್ಕೆ 355 ಆಯ್ತು, ಅದೂ 10.25 ಪರ್ಸೆಂಟ್ ರಿಕವರಿ ಇದ್ರ. ಆದ್ರ ಕಾರ್ಖಾನೆ ಸಕ್ಕರೆ ಮಾರೋ ಕನಿಷ್ಠ ದರ 2019ರ ಫೆಬ್ರವರಿಯಲ್ಲಿ ಕೆಜಿಗೆ 31 ರೂಪಾಯಿ ಅಂತ ಮಾಡಿದ್ದು, 2025ರಲ್ಲೂ ಅಷ್ಟೇ ಇತ್ತು. ರೈತ ದರ ಸಾಲದು ಅಂತಾನ, ಕಾರ್ಖಾನೆಯವರು ನಮಗ ಗಿಟ್ಟೂದಿಲ್ಲ ಅಂತಾರ. ಇಬ್ಬರ ದರಾನೂ ಗೊತ್ತು ಮಾಡೋದು ದಿಲ್ಲಿ.

2025ರ ನವೆಂಬರ್ ನೆನಪೈತಲ್ಲ? ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ದಿನಗಟ್ಟಲೆ ಕುಂತ್ರು. ಕೇಳಿದ್ದು ಟನ್‌ಗೆ 3,500. ಮುಗಿದದ್ದು 3,300ಕ್ಕೆ. ಹೆದ್ದಾರಿಯಲ್ಲಿ ಕುಂತು ಕೇಳಿದ ಮ್ಯಾಲ ಸಿಕ್ಕ ದರ ಅದು.

ಇನ್ನು ಎಥನಾಲ್. ಪೆಟ್ರೋಲ್‌ಗೆ 20 ಪರ್ಸೆಂಟ್ ಎಥನಾಲ್ ಸೇರಿಸ್ತಾರ, ಕಬ್ಬಿಗೆ ಒಳ್ಳೆ ಕಾಲ ಬಂತು ಅಂದ್ರು. 2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ 223 ತಾಲೂಕು ಬರಪೀಡಿತ ಅಂತ ಘೋಷಣೆ ಆದವು. ಸಕ್ಕರೆ ಕಡಿಮೆ ಆದೀತು ಅಂತ ಅದೇ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡೋದಕ್ಕೆ ತಡೆ ಹಾಕಿತು. ಆಮೇಲೆ ಸ್ವಲ್ಪ ಸಡಿಲ ಮಾಡಿದ್ರು. ಪೂರ್ತಿ ತೆಗೆದದ್ದು 2024ರ ಆಗಸ್ಟ್‌ನಲ್ಲಿ. ಒಂದು ಆದೇಶ ಬಂತು, ಕಾರ್ಖಾನೆಗಳ ಒಂದು ವರ್ಷದ ಲೆಕ್ಕ ಬುಡಮೇಲು.

ಬ್ರೆಜಿಲ್ ಅಂತೂ ನಮಗ ಕಾಣೋದೇ ಇಲ್ಲ. ಅಲ್ಲಿನ ಕಾರ್ಖಾನೆಗಳು ಕಬ್ಬನ್ನ ಸಕ್ಕರೆಗೂ ತಿರುಗಿಸ್ತಾವ, ಎಥನಾಲ್‌ಗೂ ತಿರುಗಿಸ್ತಾವ. ಕ್ರೂಡ್ ಎಣ್ಣಿ ಅಗ್ಗ ಆದ್ರ ಎಥನಾಲ್ ಬಿಟ್ಟು ಸಕ್ಕರೆ ಜಾಸ್ತಿ ಮಾಡ್ತಾರ. ಆಗ ಜಗತ್ತಿನ ಮಾರ್ಕೆಟ್‌ನಾಗ ಸಕ್ಕರೆ ರೇಟು ಇಳೀತೈತಿ. ಅಂದ್ರ ಸೌದಿಯ ಎಣ್ಣಿಗೂ ಬೈಲಹೊಂಗಲದ ಕಬ್ಬಿಗೂ ಸಂಬಂಧ ಐತಿ. ನಮ್ಮನ್ನ ಯಾರೂ ಕೇಳಿಲ್ಲ, ಅಷ್ಟೇ.

ಭಾಗ 4/8: ಇದು ಮೊದಲನೇ ಸಲ ಅಲ್ಲ

1861ರಿಂದ 1865. ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿನ ಮಿಲ್‌ಗೆ ಹೋಗೋದು ನಿಂತಿತು. ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ರೇಟು ಬಂತು. 1865ರಲ್ಲಿ ಯುದ್ಧ ಮುಗೀತು, ಹತ್ತಿ ಬೆಲೆ ಬಿತ್ತು, ಮುಂಬೈನ ದೊಡ್ಡ ದೊಡ್ಡ ಸಾಹುಕಾರರು ದಿವಾಳಿ ಆದ್ರು. ಎಲ್ಲೋ ಒಂದು ಯುದ್ಧ ಶುರು ಆದದ್ದಕ್ಕೆ ಎದ್ದ ರೇಟು, ಅದು ಮುಗಿದದ್ದಕ್ಕೆ ಬಿತ್ತು.

ಎರಡನೇದು ನಮ್ಮ ಹೊಳಿಯದೇ ಕಥಿ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ಆಣೆಕಟ್ಟು ಆಯ್ತು. ಕಾಲುವೆಯಲ್ಲಿ ನೀರು ಬಂತು. ಧಾರವಾಡದಲ್ಲಿ ಅಭಿವೃದ್ಧಿ ಆದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂತು. ನವಲಗುಂದ, ನರಗುಂದದ ರೈತರು ಅದನ್ನೇ ನಂಬಿ ಬಿತ್ತಿದ್ರು. ಮೊದಮೊದಲು ಭಾಳ ರೊಕ್ಕ ಬಂತು. ಮುಂದ ಬೆಲೆ ಕುಸೀತು. ಅದೇ ಹೊತ್ತಿಗೆ ಸರ್ಕಾರ ನೀರಾವರಿಯ ಅಭಿವೃದ್ಧಿ ಕರ ಕಟ್ರಿ ಅಂತು. 1980ರ ಜುಲೈ 21. ಪ್ರತಿಭಟನೆ ಗೋಲಿಬಾರ್‌ವರೆಗೂ ಹೋಯ್ತು, ರೈತರೂ ಸತ್ರು, ಪೊಲೀಸರೂ ಸತ್ರು. ರಾಜ್ಯದ ರೈತ ಚಳವಳಿ ದೊಡ್ಡದಾಗಿ ಎದ್ದು ನಿಂತದ್ದು ಅಲ್ಲಿಂದ.

ಅದನ್ನ ನಾವು ಹೋರಾಟದ ಇತಿಹಾಸ ಅಂತ ಓದ್ತೀವಿ, ಓದಬೇಕು. ಜೊತೆಗೆ ಅದು ಒಂದೇ ಬೆಳೆ ನಂಬಿದ್ದರ ಇತಿಹಾಸಾನೂ ಹೌದು.

ಭಾಗ 5/8: ಕಾರ್ಖಾನೆ ಕಲೀತು, ನಾವು ಕಲೀಲಿಲ್ಲ

ನನಗ ಎಲ್ಲಕ್ಕಿಂತ ಹೆಚ್ಚು ಕಾಡೋ ವಿಷಯ ಇದು.

ಒಂದು ಟನ್ ಕಬ್ಬಿನಿಂದ ಸುಮಾರು 100 ಕೆಜಿ ಸಕ್ಕರೆ ಬರ್ತೈತಿ. ಅಷ್ಟಕ್ಕೇ ಮುಗೀತೇನು? ಸಿಪ್ಪೆ ಸುಟ್ಟು ಕರೆಂಟ್ ಮಾಡಿ ಗ್ರಿಡ್‌ಗೆ ಮಾರ್ತಾರ. ಕಾಕಂಬಿಯಿಂದ ಸ್ಪಿರಿಟ್, ಎಥನಾಲ್. ಮಡ್ಡಿಯಿಂದ ಗೊಬ್ಬರ. ಸಕ್ಕರೆ ರೇಟು ಬಿದ್ರ ಕರೆಂಟ್ ಐತಿ, ಕರೆಂಟ್ ದರ ಇಳಿದ್ರ ಎಥನಾಲ್ ಐತಿ. ಇದೆಲ್ಲಾ ಇರೋ ಕಾರ್ಖಾನೆ ಒಂದೇ ಗಿಡದಿಂದ ನಾಲ್ಕು ಆದಾಯ ಮಾಡಿಕೊಂಡೈತಿ. ಅವರು ಮಾಡಿದ್ದು ಸರಿನೇ.

ಅದೇ ಕಬ್ಬು ಬೆಳೆದವಗ ಆದಾಯ ಒಂದೇ, ತೂಕದ ರೊಕ್ಕ. 2012ರಲ್ಲಿ ರಂಗರಾಜನ್ ಸಮಿತಿ ಹೇಳಿತ್ತು: ಸಕ್ಕರೆ ಮತ್ತು ಉಪಉತ್ಪನ್ನಗಳಿಂದ ಬರೋ ಆದಾಯದಲ್ಲಿ 70 ಪರ್ಸೆಂಟ್ ರೈತನಿಗೆ ಸೇರಬೇಕು. ಆ ಲೆಕ್ಕ ಯಾರು ಹಾಕ್ತಾರ, ಯಾರು ತಪಾಸಣೆ ಮಾಡ್ತಾರ? ಅದು ಪಕ್ಕಾ ಕಾಮರ್ಸ್ ವಿದ್ಯಾರ್ಥಿಯ ಕೆಲಸ. ನಮ್ಮೂರ ಸಹಕಾರಿ ಕಾರ್ಖಾನೆಯ ವಾರ್ಷಿಕ ವರದಿ ನಮ್ಮೊಳಗ ಎಷ್ಟು ಮಂದಿ ತೆಗೆದು ನೋಡೀವಿ? ಮನಿಯಾಗ ಯಾರಾದ್ರೂ ಷೇರುದಾರರು ಇದ್ರ ಕೇಳಿ ತಗೊಳ್ರಿ. ಪುಸ್ತಕದ ಪ್ರಾಬ್ಲಂಗಿಂತ ಚೆನ್ನಾಗಿ ಅರ್ಥ ಆಗ್ತೈತಿ.

ಭಾಗ 6/8: ಎಣ್ಣಿ ದೇಶಗಳು ಏನು ಮಾಡಿದ್ವು

ವೆನೆಜುವೆಲಾದ ರಫ್ತು ಆದಾಯದಲ್ಲಿ 90 ಪರ್ಸೆಂಟ್‌ಗಿಂತ ಹೆಚ್ಚು ಎಣ್ಣಿಯಿಂದಲೇ ಬರ್ತಿತ್ತು. 2014ರ ಮಧ್ಯದಲ್ಲಿ ಬ್ಯಾರಲ್‌ಗೆ 100 ಡಾಲರ್ ದಾಟಿದ್ದ ಕ್ರೂಡ್, 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಇಳೀತು. ಅಲ್ಲಿನ ಮಂದಿ ಊಟಕ್ಕ ಪರದಾಡೋ ಹಂಗಾತು, ಲಕ್ಷಗಟ್ಟಲೆ ಮಂದಿ ದೇಶ ಬಿಟ್ರು. ಸೌದಿ ತನ್ನ "ವಿಷನ್ 2030" ಪ್ರಕಟಿಸಿದ್ದೂ ಅದೇ 2016ರ ಏಪ್ರಿಲ್‌ನಲ್ಲಿ, ಪೆಟ್ಟು ಬಿದ್ದ ಮ್ಯಾಲ.

ದುಬೈ ಮೊದಲೇ ಎಚ್ಚೆತ್ತುಕೊಂಡಿತು. 1966ರಲ್ಲಿ ಎಣ್ಣಿ ಸಿಕ್ತು, ಅದು ಭಾಳ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಎಣ್ಣಿ ರೊಕ್ಕದಾಗ 1979ರಲ್ಲಿ ಜೆಬೆಲ್ ಅಲಿ ಬಂದರು ಕಟ್ಟಿದ್ರು. 1985ರಲ್ಲಿ ಫ್ರೀ ಝೋನ್, ಅದೇ ವರ್ಷ ಎಮಿರೇಟ್ಸ್ ವಿಮಾನ ಕಂಪನಿ. ಇವತ್ತು ನಮ್ಮ ಕಡೆಯ ಹುಡುಗರು ದುಬೈಗೆ ಹೋಗೋದು ಎಣ್ಣಿ ತೆಗಿಯಾಕಲ್ಲ. ಅಂಗಡಿ, ಹೋಟೆಲ್, ಆಫೀಸ್, ಗೋದಾಮಿನ ಕೆಲಸಕ್ಕ.

ನಾರ್ವೆಗೆ 1969ರಲ್ಲಿ ದೊಡ್ಡ ಎಣ್ಣಿ ನಿಕ್ಷೇಪ ಸಿಕ್ತು. 1990ರಲ್ಲಿ ಕಾನೂನು ಮಾಡಿ ಒಂದು ನಿಧಿ ಇಟ್ಟರು. ಈಗಿನ ನಿಯಮ ಏನು ಅಂದ್ರ, ಸರಾಸರಿ ವರ್ಷಕ್ಕೆ ಆ ನಿಧಿಯ 3 ಪರ್ಸೆಂಟ್‌ನಷ್ಟೇ ಖರ್ಚು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅನ್ನೋ ನಮ್ಮ ಗಾದೆಯನ್ನ ಅವರು ಕಾನೂನು ಮಾಡ್ಯಾರ.

ಮೂರೂ ಕಡೆ ಎಣ್ಣಿ ಇತ್ತು. ಫರಕು ಬಂದದ್ದು ರೊಕ್ಕ ಇದ್ದಾಗ ಏನು ಮಾಡಿದ್ರು ಅನ್ನೋದ್ರಿಂದ. ಕೆಟ್ಟ ವರ್ಷದಾಗ ಎರಡನೇ ಸಾಲು ಹಾಕ್ತೀನಿ ಅಂದ್ರ ಬೀಜಕ್ಕೂ ರೊಕ್ಕ ಇರೂದಿಲ್ಲ.

ಭಾಗ 7/8: "ಹೇಳೋದು ಸರಳ ಐತಿ ಬಿಡು"

ಹೌದು, ಇದನ್ನೇ ನೀವು ಕಮೆಂಟ್‌ನಾಗ ಬರೀತೀರಿ ಅಂತ ಗೊತ್ತು. ಕಬ್ಬು ಹಚ್ಚೋ ರೈತ ಹುಚ್ಚ ಅಲ್ಲ. ಒಮ್ಮೆ ನಾಟಿ ಮಾಡಿದ್ರ ಕುಳೆ ಎರಡು ಮೂರು ವರ್ಷ ಬರ್ತೈತಿ. ಮಳಿ-ಗಾಳಿಗೆ ಬಾಗಿದ್ರೂ ಪೂರ್ತಿ ಹೋಗೂದಿಲ್ಲ. ದರಕ್ಕ ಕಾನೂನು ಐತಿ, ತಗೊಳ್ಳೋರು ಇದಾರ. ಉಳಿದ ಬೆಳಿಗೆ ಇದು ಯಾವುದು ಐತಿ?

2025-26ರಲ್ಲಿ ಗೋವಿನಜೋಳಕ್ಕೆ ಎಂಎಸ್‌ಪಿ ಕ್ವಿಂಟಲ್‌ಗೆ 2,400 ಇತ್ತು. ಮಾರ್ಕೆಟ್‌ನಾಗ 2,000 ಸಿಗೋದೂ ಕಷ್ಟ ಆಯ್ತು, ರೈತರು ಮತ್ತ ಬೀದಿಗೆ ಬಂದ್ರು. ಅದಕ್ಕ "ಕಬ್ಬು ಬಿಟ್ಟು ಗೋವಿನಜೋಳ ಹಾಕ್ರಿ" ಅನ್ನೋದು ಪರಿಹಾರ ಅಲ್ಲ. ಒಂದು ಬಾವಿಯಿಂದ ಎದ್ದು ಇನ್ನೊಂದಕ್ಕೆ ಬಿದ್ದಂಗ. ಬರೀ ಬೆಳೆ ಬದಲಾದ್ರ ಸಾಲದು, ಕೊಳ್ಳೋರು ಹೆಚ್ಚಾಗಬೇಕು. ಬೆಳೆದದ್ದನ್ನ ಇಲ್ಲೇ ಮಾಲು ಮಾಡೋ ಕೆಲಸ ಹುಟ್ಟಬೇಕು.

ನೀರಿನ ಲೆಕ್ಕಾನೂ ಬಿಡಂಗಿಲ್ಲ. ಕಬ್ಬಿಗೆ ಹತ್ತಿರ ಹತ್ತಿರ ವರ್ಷಪೂರ್ತಿ ನೀರು ಬೇಕು. ಅದೇ ಮಲಪ್ರಭಾ ಹುಬ್ಬಳ್ಳಿ-ಧಾರವಾಡಕ್ಕೂ ಕುಡಿಯೋ ನೀರು ಕೊಡಬೇಕು. ಎಣ್ಣಿ ಬಾವಿ ಬತ್ತಿದ್ರ ದೇಶ ಬಡವ ಆಗ್ತೈತಿ. ಬೋರ್‌ವೆಲ್ ಬತ್ತಿದ್ರ ಊರೇ ಖಾಲಿ ಆಗ್ತೈತಿ.

ಭಾಗ 8/8: ನಮ್ಮ ಎರಡನೇ ಸಾಲು

ಇಲ್ಲಿ ಏನೂ ಇಲ್ಲ ಅನ್ನಬ್ಯಾಡ್ರಿ. ಒಂದೊಂದೇ ತಾಲೂಕು ನೋಡೋಣ.

ಸವದತ್ತಿ: ಯಲ್ಲಮ್ಮನ ಗುಡ್ಡಕ್ಕ ಬನದ ಹುಣ್ಣಿಮಿ, ಭರತ ಹುಣ್ಣಿಮಿಗೆ ಬರೋ ಮಂದಿ ಲೆಕ್ಕಕ್ಕ ಸಿಗೂದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರು ಆಗಿ ಹೆಣ್ಮಕ್ಕಳಿಗೆ ಬಸ್ ಫ್ರೀ ಆದ ಮ್ಯಾಲ ಜಾತ್ರಿ ಇಲ್ಲದ ದಿನಾನೂ ಗದ್ದಲ. 2024ರಲ್ಲಿ ಗುಡ್ಡದ ಅಭಿವೃದ್ಧಿಗೆ ಕೇಂದ್ರದಿಂದ 100 ಕೋಟಿ ಮಂಜೂರಾಯ್ತು. ಆ ಮಂದಿ ಕೊಳ್ಳೋ ಭಂಡಾರ, ಬಳಿ, ಕುಂಕುಮ, ಚೀಲ, ಇದರಾಗ ಎಷ್ಟು ನಮ್ಮ ತಾಲೂಕಿನಾಗ ತಯಾರ್ ಆಗ್ತಾವ? ಭಂಡಾರ ಅಂದ್ರ ಅರಿಷಿಣ. ಅರಿಷಿಣ ನಮ್ಮ ಜಿಲ್ಲೆಯಲ್ಲೇ ಬೆಳೀತೈತಿ. ಗುಡ್ಡದ ಮ್ಯಾಲಿನ ಗಾಳಿ ವಿದ್ಯುತ್ ಫ್ಯಾನ್ ನೋಡಿ ರೀಲ್ ಮಾಡ್ತೀವಿ. ಅವನ್ನ ರಿಪೇರಿ ಮಾಡೋ ಕೋರ್ಸ್ ನಮ್ಮ ಐಟಿಐಗಳಲ್ಲಿ ಯಾಕಿರಬಾರದು?

ರಾಮದುರ್ಗ: ಸುರೇಬಾನ ಕಡೆ ಮಗ್ಗ ಇನ್ನೂ ಉಸಿರಾಡ್ತಾವ. 2019ರ ಆಗಸ್ಟ್‌ನ ಪ್ರವಾಹ ನೇಕಾರರನ್ನ ಮುಳುಗಿಸಿತ್ತು, ಆದ್ರೂ ಎದ್ದಾರ. ಅವರಿಗೆ ಬೇಕಾದದ್ದು ಮರುಕ ಅಲ್ಲ. ಆರ್ಡರ್, ಡಿಸೈನ್, ಹೊತ್ತಿಗೆ ಸರಿಯಾಗಿ ರೊಕ್ಕ.

ಕಿತ್ತೂರು: ಹೆದ್ದಾರಿ ಮ್ಯಾಲ ಐತಿ, ಬೆಳಗಾವಿಗೂ ಧಾರವಾಡಕ್ಕೂ ನಡುವೆ. ಕಿತ್ತೂರು ಮೇಲೆ ಹೋಗೋ ಸುಮಾರು 73 ಕಿಲೋಮೀಟರ್ ಧಾರವಾಡ-ಬೆಳಗಾವಿ ರೈಲು ಮಾರ್ಗಕ್ಕೆ 2020ರಲ್ಲೇ ಒಪ್ಪಿಗೆ ಸಿಕ್ಕೈತಿ. ಅತ್ತ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡ್ತಾರ, ಬೆಳಗಾವಿಯಲ್ಲಿ ಫೌಂಡ್ರಿಗಳು ಅದಾವ. ಉತ್ಸವಕ್ಕ ಚನ್ನಮ್ಮನ ಹೆಸರಲ್ಲಿ ಸ್ಟೇಟಸ್ ಹಾಕೋ ನಾವು, ಆ ರೈಲಿನ ಬಗ್ಗೆ ವರ್ಷಕ್ಕೊಮ್ಮೆಯಾದ್ರೂ ಕೇಳೀವೇನು?

ಬೈಲಹೊಂಗಲ: ಹತ್ತಿ, ಸೋಯಾ, ಕಡಲಿ, ಹೆಸರು ಬರೋ ಮಾರ್ಕೆಟ್. ಕಡಲಿ ಚೀಲದಾಗ ಹೋಗ್ತೈತಿ, ಬ್ಯಾಳಿ ಆಗಿ ಪ್ಯಾಕೆಟ್‌ನಾಗ ವಾಪಸ್ ಬರ್ತೈತಿ. ನಡುವಿನ ಲಾಭ ಬ್ಯಾರೆ ಊರಿನದು. 1885ರಲ್ಲೇ ಗೋಕಾಕ ಫಾಲ್ಸ್‌ನಲ್ಲಿ ಹತ್ತಿಯನ್ನ ನೂಲು ಮಾಡೋ ಮಿಲ್ಲಿನ ಕಂಪನಿ ಹುಟ್ಟಿತ್ತು. ಮಾಲು ಇಲ್ಲೇ ಮಾಡಬೇಕು ಅನ್ನೋದು ನಮ್ಮ ಜಿಲ್ಲೆಗೆ ಹೊಸ ವಿಚಾರ ಅಲ್ಲ.

ಇದರಾಗ ನಮ್ಮ ಕೆಲಸ ಏನು? ಬಿಕಾಂ ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋಗೋದು ತಪ್ಪಲ್ಲ. ಆದ್ರ ಬ್ಯಾರೆ ದಾರಿ ಇಲ್ಲದ್ದಕ್ಕ ಹೋಗೋದು ಬ್ಯಾರೆ, ಆರಿಸಿಕೊಂಡು ಹೋಗೋದು ಬ್ಯಾರೆ. ನೇಕಾರರ ಸಂಘಕ್ಕ ಜಿಎಸ್‌ಟಿ ತುಂಬೋರು ಬೇಕು. ರೈತ ಉತ್ಪಾದಕ ಕಂಪನಿಗೆ ಲೆಕ್ಕ ಬರೆಯೋರು ಬೇಕು. ಬ್ಯಾಳಿ ಮಿಲ್ ಹಾಕೋರಿಗೆ ಬ್ಯಾಂಕಿಗೆ ಕೊಡೋ ಪ್ರಾಜೆಕ್ಟ್ ರಿಪೋರ್ಟ್ ಬೇಕು. ಇದೆಲ್ಲಾ ನಮ್ಮ ಸಿಲಬಸ್.

ಇವತ್ತು ರಾತ್ರಿ ಒಂದು ಹಾಳಿ ತಗೊಂಡು ಬರೀರಿ: ನಮ್ಮ ಮನಿಗೆ ರೊಕ್ಕ ಎಷ್ಟು ಕಡೆಯಿಂದ ಬರ್ತೈತಿ? ಅದರಾಗ ಕಬ್ಬಿನ ಪಾಲು ಎಷ್ಟು? ಒಂದು ಹಂಗಾಮು ಬಿಲ್ ಬರಲಿಲ್ಲ ಅಂದ್ರ ಎಷ್ಟು ತಿಂಗಳು ನಡೀತೈತಿ?

ಮೊದಲನೇ ಪ್ರಶ್ನೆಗೆ ಉತ್ತರ "ಒಂದು" ಅಂತ ಬಂದವರು ಕಮೆಂಟ್‌ನಾಗ ಬರೀ ನಿಮ್ಮ ತಾಲೂಕಿನ ಹೆಸರು ಹಾಕ್ರಿ. ನಾವು ಎಷ್ಟು ಮಂದಿ ಅದೀವಿ ಅಂತ ನೋಡೋಣ.

#ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ಕಬ್ಬು #ಅಕ್ಕಡಿಸಾಲು #ಬಿಕಾಂಹುಡುಗರು