ಕುಡಿದರೆ ‘ಮೂಡು’ ಸರಿಹೋಗುವುದೆ?

‘ಇವತ್ತು ಮೂಡು ಸರಿ ಇಲ್ಲ, ಸ್ವಲ್ಪ ತಗೊಂಡರೆ ಸರಿಹೋಗುತ್ತದೆ.’ ಮುಂಬಯಿಯ ನಮ್ಮವರ ನಡುವೆ ಈ ಮಾತಿಗೆ ಈಗ ಸುಭಾಷಿತದ ಪಟ್ಟ ಸಿಕ್ಕಿದೆ. ಸರಕಾರವೂ ಅದಕ್ಕೆ ತಾಳ ಹಾಕುತ್ತಿದೆ. 1949ರ ಪಾನನಿರೋಧ ಕಾನೂನು ಮಹಾರಾಷ್ಟ್ರದಲ್ಲಿ ಇಂದಿಗೂ ಇದೆ. ಅದರಂತೆ ಕುಡಿಯುವವರಿಗೆ ಪರವಾನಿಗೆ ಬೇಕು. ಆ ಪರವಾನಿಗೆಯನ್ನು ಕೊಡುವುದಾದರೂ ಏತಕ್ಕೆ? ‘ಆರೋಗ್ಯ ಕಾಪಾಡಿಕೊಳ್ಳುವುದಕ್ಕೆ’! ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿರುವಾಗ, ಇದಕ್ಕಿಂತ ದೊಡ್ಡ ವಿನೋದ ಬೇರೆ ಬೇಕೆ?

ಮೊದಲ ಗುಟುಕಿಗೆ ಮನಸ್ಸು ಹಗುರಾಗುವುದು ಸುಳ್ಳೆಂದು ನಾವು ಹೇಳುವುದಿಲ್ಲ. ಮದ್ಯವು ಮಿದುಳಿನ ಚುರುಕನ್ನು ತಗ್ಗಿಸುತ್ತದೆ. ಅದರೊಡನೆ ಚಿಂತೆ, ಸಂಕೋಚಗಳೂ ತಗ್ಗುತ್ತವೆ. ಆದರೆ ಬಾಯಿಗೂ ಕೈಗೂ ಲಗಾಮು ಹಾಕುವ ವಿವೇಕವೂ ಆಗಲೇ ತಗ್ಗುತ್ತದೆ. ಆಫೀಸಿನಲ್ಲಿ ಸಾಹೇಬರ ಮುಂದೆ ನುಂಗಿದ ಸಿಟ್ಟು ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಹರಿಯುವುದು ಈ ಹೊತ್ತಿನಲ್ಲೇ. ಅಮಲು ಇಳಿಯುತ್ತ ಬಂದಂತೆ, ಅದುಮಿಟ್ಟ ಮಿದುಳು ಪುಟಿದೇಳುತ್ತದೆ. ನಡುರಾತ್ರಿ ಎಚ್ಚರ, ಅರೆನಿದ್ದೆ, ಬೆಳಿಗ್ಗೆ ಕಾರಣವಿಲ್ಲದ ದಿಗಿಲು, ಕಿರಿಕಿರಿ. ಅದನ್ನು ಕಳೆಯಲು ಸಂಜೆ ಮತ್ತೆ ಅದೇ ಬಾಟಲಿ. ರೋಗ ಅಂಟಿಸಿದವನೇ ಮದ್ದು ಮಾರಿದಂತಾಯಿತಲ್ಲ!

‘ಊರು ಬಿಟ್ಟು ಬಂದವರ ಒಂಟಿತನಕ್ಕೆ ಇದೊಂದೇ ಸಂಗಾತಿ’ ಎನ್ನುವವರೂ ಇದ್ದಾರೆ. ಒಂಟಿತನವೇನೋ ನಿಜ. ಅದಕ್ಕೆ ಬೇಕಾದುದು ಮನುಷ್ಯರು. ಸಂಘಗಳನ್ನು ಕಟ್ಟಿಕೊಂಡುದೂ ಅದಕ್ಕಾಗಿಯೇ. ಹಾಗಿರುವಾಗ ನಾಟಕ, ಯಕ್ಷಗಾನ ಮುಗಿದೊಡನೆ ನಾವೇ ‘ಪಾರ್ಟಿ’ಗೆ ಕೂರುವುದು, ಒಲ್ಲೆನೆಂದ ಹುಡುಗನನ್ನು ಗೇಲಿ ಮಾಡುವುದು ಯಾವ ಸಂಸ್ಕೃತಿ? ಶಾಲೆಯ ಪ್ರಗತಿಪತ್ರಕ್ಕೆ ರುಜು ಕೇಳಲು ಮಗಳು ಅಪ್ಪನ ಮೂಡು ನೋಡಿ ಕಾಯಬೇಕಾದ ಮನೆಯಲ್ಲಿ ಕನ್ನಡ ಉಳಿಯಿತೆ, ಅಳಿಯಿತೆ ಎಂದು ಚರ್ಚಿಸಿ ಫಲವೇನು? ಅಲ್ಲಿ ಮಾತೇ ಉಳಿದಿಲ್ಲ!

ಸಂಘದ ಸಮಾರಂಭಗಳ ಹಿಂದುಮುಂದಿನ ಕೂಟಗಳಲ್ಲೂ ಮದ್ಯ ಬೇಡವೆಂದು ಕಾರ್ಯಕಾರಿ ಸಮಿತಿಗಳು ನಿರ್ಣಯಿಸಲಿ. ಮೂಡು ಕೆಟ್ಟಿದೆ ಎಂದವನಿಗೆ ಗ್ಲಾಸು ನೀಡುವ ಮೊದಲು, ಏನಾಯಿತೆಂದು ಕೇಳುವ ವ್ಯವಧಾನ ನಮಗಿರಲಿ. ಬಹುಕಾಲದಿಂದ ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗುವುದುಂಟು. ಅಂಥವರನ್ನು ಹೀಗಳೆಯದೆ ವೈದ್ಯರ ಬಳಿಗೆ ಕರೆದೊಯ್ಯುವುದೂ ಸಂಘದ ಕೆಲಸವೇ.