ಹಾಡು ನಿಂತರೂ ನಿಲ್ಲದ ಗುಂಯ್: ಸ್ಪೀಕರಿನ ಸದ್ದು ಬರುವುದು ಎಲ್ಲಿಂದ?

ರಾತ್ರಿ ಹಾಡು ಮುಗಿದು, ಮನೆಯೆಲ್ಲ ನಿಶ್ಶಬ್ದವಾದಾಗ ಸ್ಪೀಕರಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಕೇಳಿಸುತ್ತದೆ. ಅದು ಮೊದಲಿನಿಂದಲೂ ಇತ್ತು, ಹಾಡಿನ ಅಡಿಯಲ್ಲಿ ಮುಚ್ಚಿಹೋಗಿತ್ತು, ಅಷ್ಟೆ. ಯಾರನ್ನಾದರೂ ಕೇಳಿದರೆ ಮೂರು ಸಲಹೆ ಸಿಗುತ್ತವೆ. ಸ್ಪೀಕರ್ ಹಾಳಾಗಿದೆ, ಬದಲಾಯಿಸಿ. ಒಳ್ಳೆಯ ದುಬಾರಿ ಕೇಬಲ್ ಹಾಕಿ. ಪ್ಲಗ್ಗಿನ ಮೇಲಿನ ದಪ್ಪ ಪಿನ್ ಕಿತ್ತುಹಾಕಿ. ಮೊದಲನೆಯದು ಹೆಚ್ಚಿನ ಸಲ ತಪ್ಪು, ಎರಡನೆಯದು ಬಹುಪಾಲು ದುಡ್ಡು ದಂಡ. ಮೂರನೆಯದು ಎಷ್ಟೋ ಸಲ ಫಲ ಕೊಡುತ್ತದೆ, ತೊಂದರೆ ಇರುವುದೇ ಅಲ್ಲಿ.

ಮೊದಲು ಸದ್ದಿನ ಬಗೆಯನ್ನು ಗಮನಿಸಬೇಕು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ. ಅದು ಎಲ್ಲಿಂದಲಾದರೂ ಹಾಡಿನ ದಾರಿಗೆ ನುಸುಳಿದರೆ 50 ಹರ್ಟ್ಸ್‌ನ ಗಂಭೀರವಾದ ಗುಂಯ್ ಕೇಳುತ್ತದೆ. ಆಂಪ್ಲಿಫೈಯರ್ ಒಳಗೆ ಎಸಿಯನ್ನು ಡಿಸಿಯಾಗಿ ಬದಲಾಯಿಸುವಾಗ ಅಲೆಯ ಎರಡೂ ಅರ್ಧಗಳು ಒಂದೇ ಕಡೆಗೆ ತಿರುಗುವುದರಿಂದ, ಆ ಭಾಗದ ಕೆಪಾಸಿಟರ್ ಹಳತಾದರೆ ಬರುವ ಸದ್ದು 100 ಹರ್ಟ್ಸ್‌ನದು, ಸ್ವಲ್ಪ ಒರಟು. ಜರ್ರ್ ಎಂದು ಗರಗಸದ ಹಾಗೆ ಕೊರೆಯುತ್ತಿದ್ದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮೇಲೆ ಸಂಶಯಪಡಿ. ಅದು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ವೇಗ ತಗ್ಗಿಸುತ್ತದೆ, ಕತ್ತರಿಸಿದ ಅಂಚುಗಳೇ ಸದ್ದಾಗುತ್ತವೆ. ಫ್ಯಾನ್ ಆರಿಸಿದರೆ ಸತ್ಯ ಗೊತ್ತಾಗುತ್ತದೆ. ಕರೆಂಟ್ ಹೋಗಿ ಮನೆ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಸದ್ದು ಬಂದರೆ, ಅದು ನಯವಾದ ಅಲೆಯ ಬದಲು ಚೌಕಾಕಾರದ ಅಲೆ ಕೊಡುವ ಇನ್ವರ್ಟರ್ ಆಗಿರಬಹುದು. ಇನ್ನು ಫೋನ್ ರಿಂಗ್ ಆಗುವ ಮೊದಲೇ ಸ್ಪೀಕರ್ ಟಡಟಡ ಎನ್ನುತ್ತಿದ್ದ ಕಾಲ ನೆನಪಿದೆಯೇ? 2ಜಿ ಫೋನು ಸೆಕೆಂಡಿಗೆ ಸುಮಾರು 217 ಸಲ ರೇಡಿಯೋ ಅಲೆಗಳನ್ನು ಬಿಟ್ಟು ಬಿಟ್ಟು ಹೊರಹಾಕುತ್ತಿತ್ತು, ಆ ಮಿಡಿತವೇ ಸ್ಪೀಕರಿನಲ್ಲಿ ಕೇಳುತ್ತಿತ್ತು. 4ಜಿ ಬಂದ ಮೇಲೆ ಅದು ಅಪರೂಪ.

ಮೂಲ ಹುಡುಕುವ ವಿಧಾನ ಸರಳ, ತಾಳ್ಮೆ ಬೇಕು. ವಾಲ್ಯೂಮ್ ಸೊನ್ನೆಗೆ ಇಳಿಸಿ. ಆಗಲೂ ಸದ್ದು ಅಷ್ಟೇ ಇದ್ದರೆ ದೋಷ ಆಂಪ್ಲಿಫೈಯರಿನಲ್ಲೇ ಇರುವ ಸಾಧ್ಯತೆ ಹೆಚ್ಚು. ಅದನ್ನು ಬಿಚ್ಚುವುದು ಮೆಕ್ಯಾನಿಕ್ ಕೆಲಸ, ಏಕೆಂದರೆ ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ವಾಲ್ಯೂಮ್ ಜೊತೆಗೆ ಸದ್ದೂ ಇಳಿದರೆ, ಅದು ಹೊರಗಿನಿಂದ ಬರುತ್ತಿದೆ ಎಂದರ್ಥ. ಈಗ ಟಿವಿ, ಸೆಟ್ ಟಾಪ್ ಬಾಕ್ಸ್, ಲ್ಯಾಪ್‌ಟಾಪ್ ಇವುಗಳ ವೈರನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಪ್ರತಿ ಸಲ ಆಂಪ್ಲಿಫೈಯರ್ ಆರಿಸಿ, ವೈರು ತೆಗೆದು, ಮತ್ತೆ ಹಾಕಿ ಕೇಳಬೇಕು. ಒಟ್ಟಿಗೆ ಎರಡು ತೆಗೆದರೆ ಏನೂ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಒಂದು ವಾರ ಸ್ಪೀಕರನ್ನೇ ಬೈದುಕೊಂಡಿದ್ದೆವು. ಕೊನೆಗೆ ಸೆಟ್ ಟಾಪ್ ಬಾಕ್ಸಿನ ಹಿಂದಿನ ಕೇಬಲ್ ಟಿವಿ ವೈರು ತಿರುಗಿಸಿ ತೆಗೆದ ಕ್ಷಣ ಗುಂಯ್ ನಿಂತಿತು.

ಹಾಗೇಕೆ? ಆಂಪ್ಲಿಫೈಯರಿಗೆ ತ್ರೀ ಪಿನ್ ಪ್ಲಗ್ಗಿನ ಮೂಲಕ ಮನೆಯ ಅರ್ತಿಂಗ್ ಸಿಕ್ಕಿರುತ್ತದೆ. ಕೇಬಲ್ ಟಿವಿ ವೈರಿನ ಹೊರಗಿನ ಜಾಲರಿ ಬೀದಿಯಲ್ಲೆಲ್ಲೋ ಬೇರೆ ಕಡೆ ಭೂಮಿಗೆ ಸೇರಿರುತ್ತದೆ. ಎರಡು ಕಡೆಯ ಭೂಮಿಯ ವೋಲ್ಟೇಜು ಒಂದೇ ಇರುವುದಿಲ್ಲ. ಆ ವ್ಯತ್ಯಾಸದಿಂದ ಆಡಿಯೋ ವೈರಿನ ಜಾಲರಿಯಲ್ಲಿ ಸಣ್ಣ ವಿದ್ಯುತ್ತು ಹರಿಯತೊಡಗುತ್ತದೆ. ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಹಾಡು ಹಿಂತಿರುಗುವ ದಾರಿಯೂ ಅದೇ ಜಾಲರಿ. ಮನೆಯ ಉಪಕರಣಗಳ ನಡುವೆ ಹೋಗುವ ಹಾಡಿನ ಸಂಕೇತವೇ ಸುಮಾರು 0.3 ವೋಲ್ಟ್, ಅದರಲ್ಲಿ ಒಂದು ಮಿಲಿವೋಲ್ಟ್ ಬೆರೆತರೂ ಮೆಲುದನಿಯ ಹಾಡಿನಲ್ಲಿ ಕಿವಿಗೆ ಬೀಳುತ್ತದೆ.

ಅರ್ತ್ ಪಿನ್ ಕಿತ್ತರೆ ಈ ಸುತ್ತು ತುಂಡಾಗುತ್ತದೆ, ಸದ್ದು ನಿಲ್ಲಬಹುದು. ಆದರೆ ಆ ಪಿನ್ ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ ಇರುವುದು ಸುಮ್ಮನೆ ಅಲ್ಲ. ಪ್ಲಗ್ ಹಾಕುವಾಗ ಅದು ಮೊದಲು ಸೇರಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಒಳಗೆ 230 ವೋಲ್ಟಿನ ವೈರು ಕಳಚಿ ಲೋಹದ ಪೆಟ್ಟಿಗೆಗೆ ತಾಗಿದರೆ, ಅರ್ತ್ ಮೂಲಕ ಭಾರಿ ವಿದ್ಯುತ್ತು ಹರಿದು ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಪಿನ್ ಇಲ್ಲದಿದ್ದರೆ ಆ ಪೆಟ್ಟಿಗೆ ಮಾತ್ರವಲ್ಲ, ಆಡಿಯೋ ವೈರಿನಿಂದ ಅದಕ್ಕೆ ಸೇರಿಕೊಂಡ ಮೈಕ್, ಗಿಟಾರು ಎಲ್ಲವೂ ಶಾಕ್ ಹೊಡೆಯುವ ಸ್ಥಿತಿಯಲ್ಲಿ ಕಾದಿರುತ್ತವೆ. ಆರ್ಕೆಸ್ಟ್ರಾ ವೇದಿಕೆಯಲ್ಲಿ ಮೈಕ್ ತುಟಿಗೆ ತಾಗಿ ಜುಂ ಎಂದರೆ ತಮಾಷೆ ಎಂದುಕೊಳ್ಳದೆ ಅರ್ತಿಂಗ್ ಪರೀಕ್ಷಿಸಬೇಕು.

ಅಪಾಯವಿಲ್ಲದ ದಾರಿಗಳಿವೆ. ಒಂದಕ್ಕೊಂದು ಜೋಡಿಸಿದ ಉಪಕರಣಗಳನ್ನೆಲ್ಲ ಒಂದೇ ಸಾಕೆಟ್ಟಿನ ಸ್ಪೈಕ್ ಬಸ್ಟರ್‌ಗೆ ಹಾಕಿ ನೋಡಿ. ಆಡಿಯೋ ವೈರಿನ ಮಧ್ಯೆ ಸೇರಿಸುವ ಪುಟ್ಟ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಹಾಡನ್ನು ದಾಟಿಸಿ, ಜಾಲರಿಯ ಸಂಪರ್ಕವನ್ನು ಮಾತ್ರ ತಡೆಯುತ್ತದೆ. ಟಿವಿಯಲ್ಲಿ ಆಪ್ಟಿಕಲ್ ಔಟ್‌ಪುಟ್ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಹಾಡು ಬೆಳಕಾಗಿ ಹೋಗುವುದರಿಂದ ವಿದ್ಯುತ್ತಿಗೆ ದಾರಿಯೇ ಇಲ್ಲ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದಾಗ ಸದ್ದು ಹೋದರೆ, ಹಾಡು ಕೇಳುವಷ್ಟು ಹೊತ್ತು ಬ್ಯಾಟರಿಯಲ್ಲೇ ಓಡಿಸಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಸ್ಪೀಕರಿಗೆ ಕಿವಿಯಿಟ್ಟರೆ ಸುಯ್ ಎನ್ನುವ ತೆಳು ಸದ್ದು ಇದ್ದೇ ಇರುತ್ತದೆ. ಅದರ ಒಂದು ಪಾಲು ಬಿಸಿಯಿಂದಾಗಿ ಎಲೆಕ್ಟ್ರಾನುಗಳು ಅಡ್ಡಾದಿಡ್ಡಿ ಓಡಾಡುವುದರಿಂದ ಬರುವಂಥದ್ದು. ಬೆಲ್ ಪ್ರಯೋಗಾಲಯದ ಜಾನ್ಸನ್ ಇದನ್ನು ಅಳೆದರು, ನೈಕ್ವಿಸ್ಟ್ ಲೆಕ್ಕದಿಂದ ವಿವರಿಸಿದರು. ಇಬ್ಬರ ಬರಹಗಳೂ ಪ್ರಕಟವಾದದ್ದು 1928ರಲ್ಲಿ. ಇದು ದೋಷವಲ್ಲ. ಆದರೆ ಕುಳಿತ ಜಾಗಕ್ಕೇ ಸುಯ್ ಕೇಳುತ್ತಿದ್ದರೆ, ಫೋನಿನ ವಾಲ್ಯೂಮ್ ಕಡಿಮೆ ಇಟ್ಟು ಆಂಪ್ಲಿಫೈಯರಿನದು ಜಾಸ್ತಿ ಮಾಡಿಕೊಂಡಿರಬಹುದು. ಅದನ್ನು ತಿರುಗುಮುರುಗು ಮಾಡಿ ನೋಡಿ.